ಈಸ್ಟರ್ ನಿಜವಾಗಿ ಯಾರ ಹಬ್ಬ?

ಯೇಸು ಸತ್ತು ಮತ್ತೆ ಎದ್ದು ಬಂದ ನೆನಪಿಗೆ ಕ್ರೈಸ್ತರು ಮಾಡುವ ಹಬ್ಬ ಈಸ್ಟರ್. ಪ್ರತಿ ವರ್ಷ ಮಾರ್ಚ್ ಮುಗಿಯುವ ಹೊತ್ತಿಗೆ ಯಾರಾದರೂ ಕೇಳಿಯೇ ಕೇಳುತ್ತಾರೆ: "ಈಸ್ಟರ್ ಮೊದಲು ಕ್ರೈಸ್ತರ ಹಬ್ಬವೇ ಆಗಿರಲಿಲ್ಲವಂತೆ, ಯಾವುದೋ ದೇವತೆಯ ವಸಂತದ ಹಬ್ಬವಂತೆ, ಹೌದಾ?" ಕೇಳುವವರಲ್ಲಿ ಚರ್ಚಿಗೆ ಹೋಗುವವರೂ ಇದ್ದಾರೆ. ಒಬ್ಬರಂತೂ ಇದೇ ಅಂಜಿಕೆಯಿಂದ ಮಕ್ಕಳಿಗೆ ಈಸ್ಟರಿನ ಮೊಟ್ಟೆಗೆ ಬಣ್ಣ ಹಚ್ಚಲು ಬಿಡುತ್ತಿಲ್ಲ. ಆ ಮಕ್ಕಳಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಇಂಗ್ಲಿಷ್ ಹೆಸರಿಗೆ ಒಬ್ಬ ದೇವತೆಯ ನಂಟು ಇರಬಹುದು. ಹಬ್ಬದ ಬೇರು ಮಾತ್ರ ಬೇರೆ ಕಡೆ ಇದೆ.

ಬೀಡ್ ಎಂಬ ಇಂಗ್ಲೆಂಡಿನ ಸನ್ಯಾಸಿ 725ರಲ್ಲಿ ಕಾಲಗಣನೆಯ ಬಗ್ಗೆ ಒಂದು ಪುಸ್ತಕ ಬರೆದ. ತನ್ನ ಜನ ಹಿಂದೆ ಏಪ್ರಿಲ್ ಹೊತ್ತಿನ ತಿಂಗಳನ್ನು ಇಯೋಸ್ಟ್ರೆ ಎಂಬ ದೇವತೆಯ ಹೆಸರಿನಿಂದ ಕರೆಯುತ್ತಿದ್ದರು, ಆಗ ಅವಳಿಗೆ ಹಬ್ಬ ಮಾಡುತ್ತಿದ್ದರು ಎಂದು ಅದರಲ್ಲಿ ಹೇಳಿದ್ದಾನೆ. ಅವಳ ಬಗ್ಗೆ ನಮಗಿರುವ ಹಳೆಯ ಬರಹ ಇದೊಂದೇ. ಈಗ ಈಸ್ಟರಿನ ಜೊತೆ ಬರುವ ಮೊಲವೂ ಅದರಲ್ಲಿಲ್ಲ, ಮೊಟ್ಟೆಯೂ ಇಲ್ಲ. ಹಾಗಂತ ಬೀಡ್ ಸುಮ್ನೆ ಕಟ್ಟಿ ಹೇಳಿದ ಎಂದು ನನಗೆ ಅನ್ನಿಸುವುದಿಲ್ಲ. 1958ರಲ್ಲಿ ಜರ್ಮನಿಯಲ್ಲಿ ರೋಮನ್ ಕಾಲದ ನೂರೈವತ್ತಕ್ಕೂ ಹೆಚ್ಚು ಕಲ್ಲುಗಳು ಸಿಕ್ಕವು. ಅವುಗಳ ಮೇಲಿರುವ ತಾಯಿದೇವತೆಗಳ ಹೆಸರು ಇಯೋಸ್ಟ್ರೆಗೆ ಹತ್ತಿರದ್ದು.

ತಿಂಗಳ ಹೆಸರು ಹಬ್ಬಕ್ಕೆ ಅಂಟಿಕೊಂಡಿತು, ಅಷ್ಟೇ. ನಾವು ಶ್ರಾವಣ ಶನಿವಾರ ಅನ್ನುವಾಗ ಶ್ರವಣ ನಕ್ಷತ್ರವನ್ನು ಪೂಜಿಸುವುದಿಲ್ಲ ಅಲ್ವಾ?

ಈಸ್ಟರ್ ಅಂದರೆ ಬ್ಯಾಬಿಲೋನಿನ ದೇವತೆ ಇಶ್ತಾರ್ ಎನ್ನುವ ಮಾತಿಗಂತೂ ಬುಡವೇ ಇಲ್ಲ. 1850ರ ದಶಕದಲ್ಲಿ ಕ್ಯಾಥೊಲಿಕರನ್ನು ಹಳಿಯಲು ಹೊರಟ ಅಲೆಕ್ಸಾಂಡರ್ ಹಿಸ್ಲಾಪ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಅದನ್ನು ಹಬ್ಬಿಸಿದ. ಎರಡು ಪದಗಳ ಸದ್ದು ಒಂದೇ ಥರ ಇದೆ ಎನ್ನುವುದಕ್ಕಿಂತ ಜಾಸ್ತಿ ಆಧಾರ ಅದಕ್ಕಿಲ್ಲ.

ಇಂಗ್ಲಿಷ್, ಜರ್ಮನ್ ಬಿಟ್ಟು ಬೇರೆ ಭಾಷೆಗಳನ್ನು ನೋಡಿ. ಫ್ರೆಂಚಿನಲ್ಲಿ ಪಾಕ್, ಇಟಾಲಿಯನ್ನಿನಲ್ಲಿ ಪಾಸ್ಕ್ವಾ, ರಷ್ಯನ್ನಿನಲ್ಲಿ ಪಾಸ್ಖಾ. ಕನ್ನಡ ಬೈಬಲಿನಲ್ಲಿ ಪಸ್ಕಹಬ್ಬ ಎಂಬ ಪದವಿದೆ. ಎಲ್ಲವೂ ಯಹೂದ್ಯರ ಪೆಸಖ್ ಹಬ್ಬದಿಂದ ಬಂದವು. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿನ ಹಬ್ಬ ಅದು. ಯೇಸುವನ್ನು ಶಿಲುಬೆಗೇರಿಸಿದ್ದು ಆ ಹಬ್ಬದ ಹೊತ್ತಿನಲ್ಲೇ. ಎರಡನೇ ಶತಮಾನದಲ್ಲಿ ಏಷ್ಯಾ ಮೈನರಿನ (ಇಂದಿನ ಟರ್ಕಿಯ) ಕ್ರೈಸ್ತರು ಯಹೂದ್ಯರ ವಸಂತದ ತಿಂಗಳಾದ ನಿಸಾನಿನ 14ನೇ ದಿನವೇ, ಅಂದರೆ ಹುಣ್ಣಿಮೆಯ ಹೊತ್ತಿಗೆ, ಈಸ್ಟರನ್ನು ಆಚರಿಸುತ್ತಿದ್ದರು. ರೋಮಿನವರು ಭಾನುವಾರವೇ ಆಗಬೇಕು ಅಂದರು. ಆ ಜಗಳ ದೊಡ್ಡದಾಗಿತ್ತು. ಕೊನೆಗೆ 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್ಪರ ಸಭೆಯಲ್ಲಿ ಭಾನುವಾರವೇ ಎಂದು ತೀರ್ಮಾನವಾಯಿತು. ವಸಂತದ ಹುಣ್ಣಿಮೆಯ ಲೆಕ್ಕ ಮಾತ್ರ ಉಳಿಯಿತು. ಇಂಗ್ಲೆಂಡಿನ ಆ ತಿಂಗಳ ಹೆಸರು ಹಬ್ಬಕ್ಕೆ ಅಂಟಿದ್ದು ಇದಾದ ಎಷ್ಟೋ ಕಾಲದ ಮೇಲೆ.

ಇನ್ನು ಮೊಟ್ಟೆ. ಈಸ್ಟರಿಗೆ ಮುಂಚಿನ ಉಪವಾಸದ ಕಾಲವಾದ ತಪಸ್ಸುಕಾಲದ ನಲವತ್ತು ದಿನ ಹಿಂದೆ ಯೂರೋಪಿನಲ್ಲಿ ಮೊಟ್ಟೆ ತಿನ್ನುವಂತಿರಲಿಲ್ಲ. ಕೋಳಿ ಉಪವಾಸ ಮಾಡುವುದಿಲ್ಲವಲ್ಲ, ಅದು ಇಡುತ್ತಲೇ ಇರುತ್ತದೆ. ಹಬ್ಬದ ಹೊತ್ತಿಗೆ ಮನೆ ತುಂಬಾ ಮೊಟ್ಟೆ. ಬಣ್ಣ ಹಚ್ಚಿ ಹಂಚುವುದು ಸಹಜವೇ ಆಗಿತ್ತು. 1290ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡನ ಅರಮನೆಯ ಲೆಕ್ಕದಲ್ಲಿ ಹಂಚುವುದಕ್ಕೆಂದು ತಂದ 450 ಮೊಟ್ಟೆಯ ಖರ್ಚು ಇದೆ. ಮೊಟ್ಟೆ ತರುವ ಮೊಲದ ಕತೆ ಇನ್ನೂ ಈಚಿನದು. 1682ರಲ್ಲಿ ಜರ್ಮನ್ ವೈದ್ಯನೊಬ್ಬ ಅದನ್ನು ಬರೆದಿಟ್ಟ.

ಹಳೆಯ ಆಚರಣೆಗಳು ಚರ್ಚಿನೊಳಗೆ ಬರಲೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 601ರಲ್ಲಿ ಪೋಪ್ ಗ್ರೆಗೊರಿ ಇಂಗ್ಲೆಂಡಿನ ಗುಡಿಗಳನ್ನು ಕೆಡವಬೇಡಿ, ಚರ್ಚು ಮಾಡಿಕೊಳ್ಳಿ ಎಂದೇ ಪತ್ರ ಬರೆದಿದ್ದ. ನನಗೆ ಬೇಸರ ಬೇರೆ ಕಾರಣಕ್ಕೆ. ಎಲ್ಲವನ್ನೂ ಆ ದೇವತೆಯ ಲೆಕ್ಕಕ್ಕೆ ಬರೆದರೆ ಯಹೂದ್ಯರಿಂದ ಬಂದ ನಂಟು ಅಳಿಸಿಹೋಗುತ್ತದೆ. ಹಬ್ಬದ ಜೀವವೇ ಅದು.

ಈಸ್ಟರಿನ ಹಿಂದಿನ ರಾತ್ರಿ ಕ್ಯಾಥೊಲಿಕ್ ಚರ್ಚಿಗೆ ಹೋಗಿ ನೋಡಿ. ಹೊರಗೆ ಹೊಸ ಬೆಂಕಿ ಹೊತ್ತಿಸುತ್ತಾರೆ. ಪಾಸ್ಕ ಮೇಣದಬತ್ತಿ ಹಿಡಿದು ಕತ್ತಲಲ್ಲಿ ಒಳಗೆ ನಡೆಯುತ್ತಾರೆ. ಆಮೇಲೆ ಒಂದೊಂದಾಗಿ ಬೈಬಲಿನ ಪಾಠಗಳು. ಹೊತ್ತಾಯಿತೆಂದು ಕೆಲವನ್ನು ಬಿಡಬಹುದು. ವಿಮೋಚನಕಾಂಡದ ಪಾಠವನ್ನು ಮಾತ್ರ ಬಿಡುವಂತಿಲ್ಲ. ಸಮುದ್ರ ಎರಡಾಗಿ, ಗುಲಾಮರಾಗಿದ್ದವರು ಆಚೆ ದಡಕ್ಕೆ ನಡೆದುಹೋದ ಕತೆ ಅದು.