ಗುಂಡನಿಗೆ ಕ್ಲಿಕ್ಕರ್, ನಮಗೆ ಪಾಠ

ನಾಯಿಮರಿ ಗುಂಡ ನಮ್ಮ ಮನೆಗೆ ಬಂದಾಗ ಅವನಿಗೆ ಎರಡು ತಿಂಗಳು ತುಂಬಿತ್ತು ಅಷ್ಟೇ. ಬಂದವನೇ ಚಪ್ಪಲಿ, ಪರದೆ, ಸೋಫಾದ ಅಂಚು ಎಲ್ಲದಕ್ಕೂ ಹಲ್ಲು ಹಾಕಿದ. ದಿನವಿಡೀ ಮನೆಯಲ್ಲಿ ಕೇಳುತ್ತಿದ್ದದ್ದು "ಬೇಡ", "ಬಿಡು", "ಏಯ್". ತನ್ನ ಹೆಸರು "ಏಯ್" ಅಂತಲೇ ಅವನು ಅಂದುಕೊಂಡಿದ್ದರೂ ಆಶ್ಚರ್ಯವಿಲ್ಲ. ಲಸಿಕೆ ಹಾಕಿಸಲು ಹೋದಾಗ ಡಾಕ್ಟರ್ ನಮ್ಮ ಗೋಳನ್ನೆಲ್ಲ ಕೇಳಿಸಿಕೊಂಡರು. "ಏನು ಮಾಡಬಾರದು ಅಂತ ಇಷ್ಟು ಸಲ ಹೇಳಿದ್ದೀರಿ. ಏನು ಮಾಡಬೇಕು ಅಂತ ಒಂದು ಸಲವಾದರೂ ಹೇಳಿದ್ದೀರಾ?" ಅಂದರು. ಹೇಳುವುದು ಹೇಗೆ ಅಂತ ಕೇಳಿದ್ದಕ್ಕೆ ಸಿಕ್ಕ ಉತ್ತರವೇ ಕ್ಲಿಕ್ಕರ್.

ಅಂಗೈಯೊಳಗೆ ಅಡಗುವ ಪ್ಲಾಸ್ಟಿಕ್ ಡಬ್ಬಿ ಅದು. ಒಳಗೊಂದು ತೆಳು ಲೋಹದ ಪಟ್ಟಿ. ಒತ್ತಿದರೆ ಪಟ್ಟಿ ಬಾಗಿ ಟಿಕ್ ಅನ್ನುತ್ತದೆ, ಬಿಟ್ಟರೆ ಟಕ್ ಅನ್ನುತ್ತದೆ. ಬ್ಯಾಟರಿ ಇಲ್ಲ, ಬೇರೇನೂ ಇಲ್ಲ. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೆ ನಾಯಿ ಮಾತು ಕೇಳುತ್ತಾ?" ಅಂದರು. ಕೇಳುವುದಿಲ್ಲ. ಇದು ನಾಯಿಗೆ ಏನನ್ನೂ ಹೇಳಿ ಮಾಡಿಸುವ ಸಾಧನವೇ ಅಲ್ಲ. ನಾಯಿ ಏನೋ ಒಂದು ಮಾಡಿದ ಕ್ಷಣಕ್ಕೆ ಸರಿಯಾಗಿ, "ಇದೇ, ಈಗ ಮಾಡಿದೆಯಲ್ಲ, ಇದಕ್ಕೇ ತಿನ್ನಲು ಸಿಗುತ್ತೆ" ಅಂತ ಗುರುತು ಹಾಕುವುದು ಮಾತ್ರ ಅದರ ಕೆಲಸ.

"ಅದಕ್ಕೆ ಡಬ್ಬಿ ಯಾಕಕ್ಕ? ಶಹಬ್ಬಾಸ್ ಅಂದರೆ ಸಾಲದಾ?" ಅಂತ ತಮ್ಮ ಕೇಳಿದ. ಒಳ್ಳೆಯ ಪ್ರಶ್ನೆಯೇ. ನಾನು ಅವನಿಗೆ ಡಾಲ್ಫಿನ್‌ಗಳ ಕತೆ ಹೇಳಿದೆ. 1960ರ ದಶಕದಲ್ಲಿ ಹವಾಯಿಯ ಒಂದು ಪಾರ್ಕಿನಲ್ಲಿ ಕರೆನ್ ಪ್ರಯೋರ್ ಎಂಬಾಕೆ ಡಾಲ್ಫಿನ್‌ಗಳಿಗೆ ತರಬೇತಿ ಕೊಡುತ್ತಿದ್ದರು. ಡಾಲ್ಫಿನ್‌ಗೆ ಬೆಲ್ಟ್ ಹಾಕಿ ಎಳೆಯೋಕಾಗಲ್ಲ. ಗದರಿದರೆ ಅದು ಈಜಿ ದೂರ ಹೋಗುತ್ತದೆ, ಅಷ್ಟೇ. ಕೊಳದ ನಡುವೆ ಚೆನ್ನಾಗಿ ಒಂದು ನೆಗೆತ ನೆಗೆಯಿತು ಅನ್ನಿ. ಅದು ದಡಕ್ಕೆ ಬಂದು ಮೀನು ತಿನ್ನುವ ಹೊತ್ತಿಗೆ ನೆಗೆತ ಮುಗಿದು ಎಷ್ಟೋ ಹೊತ್ತಾಗಿರುತ್ತದೆ. ಮೀನು ಸಿಕ್ಕಿದ್ದು ನೆಗೆದಿದ್ದಕ್ಕೋ, ದಡಕ್ಕೆ ಬಂದಿದ್ದಕ್ಕೋ? ಅದಕ್ಕೇ ಅಲ್ಲಿ ಸೀಟಿ ಬಳಸುತ್ತಿದ್ದರು. ನೆಗೆತ ತುದಿ ಮುಟ್ಟಿದಾಗ ಸೀಟಿ, ಮೀನು ಆಮೇಲೆ. ಸೀಟಿಗೂ ಮೀನಿಗೂ ನಂಟಿದೆ ಅಂತ ಪ್ರಾಣಿಗೆ ಒಮ್ಮೆ ಗೊತ್ತಾದರೆ, ನಡುವಿನ ಆ ಹೊತ್ತು ತೊಂದರೆ ಮಾಡುವುದಿಲ್ಲ. ಇದರ ಹಿಂದಿನ ಲೆಕ್ಕಾಚಾರ ಬಿ. ಎಫ್. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞರದು. ಟಿಕ್ ಟಿಕ್ ಆಟಿಕೆಯಿಂದ ನಾಯಿಗೆ ಕಲಿಸಬಹುದು ಅಂತ ಅವರು 1951ರಲ್ಲೇ ಒಂದು ವಿಜ್ಞಾನ ಪತ್ರಿಕೆಯಲ್ಲಿ ಬರೆದಿದ್ದರು. ಆದರೂ ಮನೆಮನೆಯ ನಾಯಿಗಳ ತನಕ ಅದು ಬಂದದ್ದು 1990ರ ದಶಕದಲ್ಲಿ.

ಇನ್ನು "ಶಹಬ್ಬಾಸ್" ವಿಷಯ. ಅದನ್ನು ನಾವು ಖುಷಿಯಾಗಿದ್ದಾಗ ಒಂದು ಥರ ಹೇಳುತ್ತೇವೆ, ಸುಸ್ತಾಗಿದ್ದಾಗ ಇನ್ನೊಂದು ಥರ. ಉದ್ದಕ್ಕೆ ಎಳೆದೂ ಹೇಳುತ್ತೇವೆ. ಟಿಕ್ ಯಾವಾಗಲೂ ಒಂದೇ ಟಿಕ್. ಹಾಗಂತ ಕ್ಲಿಕ್ಕರ್ ಇಲ್ಲದೆ ಆಗುವುದೇ ಇಲ್ಲ ಅಂತಲ್ಲ. ಒಂದೇ ಚಿಕ್ಕ ಪದವನ್ನು ಅದಕ್ಕೇ ಅಂತ ಮೀಸಲಿಟ್ಟರೂ ನಡೆಯುತ್ತದೆ. ಕಿವಿ ಕೇಳಿಸದ ನಾಯಿಗಳಿಗೆ ಹೆಬ್ಬೆರಳು ಎತ್ತಿ ತೋರಿಸಿ ಕಲಿಸುವವರೂ ಇದ್ದಾರೆ.

ಆ ಭಾನುವಾರ ಬೆಳಿಗ್ಗೆ ಗುಂಡ ಮಲಗಿದ್ದ. ನಾಯಿಯ ಮೇಲೆ ಪ್ರಯೋಗ ಮಾಡುವ ಮೊದಲು ಮನುಷ್ಯರ ಮೇಲೆ ಆಡಿ ನೋಡಬೇಕು ಅಂತ ತರಬೇತುದಾರರು ಹೇಳುವ ಒಂದು ಆಟ ಇದೆ. ಒಬ್ಬರನ್ನು ಹೊರಗೆ ಕಳಿಸಿ, ಅವರಿಂದ ಏನು ಮಾಡಿಸಬೇಕು ಅಂತ ಉಳಿದವರು ಗೊತ್ತು ಮಾಡಿಕೊಳ್ಳಬೇಕು. ಒಳಗೆ ಬಂದ ಮೇಲೆ ಯಾರೂ ಮಾತಾಡುವಂತಿಲ್ಲ, ಕಣ್ಸನ್ನೆಯೂ ಇಲ್ಲ. ಸರಿಯಾದ ದಿಕ್ಕಿನಲ್ಲಿ ಏನಾದರೂ ಮಾಡಿದಾಗ ಟಿಕ್, ಅಷ್ಟೇ. ತಮ್ಮ ನಾಯಿಯಾದ. ಅವನು ಹೋಗಿ ದೀಪದ ಸ್ವಿಚ್ ಒತ್ತಬೇಕು ಅಂತ ನಾವು ತೀರ್ಮಾನ ಮಾಡಿದೆವು. ಕ್ಲಿಕ್ಕರ್ ಅಮ್ಮನ ಕೈಯಲ್ಲಿ.

ಅವನು ಬಂದು ನಿಂತ. ಬಲಕ್ಕೆ ತಿರುಗಿದ, ಟಿಕ್. ಗೋಡೆಯ ಕಡೆ ನಡೆದ, ಟಿಕ್. ಇಲ್ಲಿಯವರೆಗೆ ಸೊಗಸಾಗಿತ್ತು. ಗೋಡೆಯ ಹತ್ತಿರ ಹೋಗಿ ಸ್ವಿಚ್ಚಿನ ಕಡೆ ಕೈ ಎತ್ತಿದ. ಅಷ್ಟರಲ್ಲಿ ಅಮ್ಮನಿಗೆ ನಗು ಬಂತು. ನಗು ತಡೆದುಕೊಂಡು ಒತ್ತುವ ಹೊತ್ತಿಗೆ ಅವನ ಕೈ ಕೆಳಗಿಳಿದು ತಲೆ ಕೆರೆಯುತ್ತಿತ್ತು. ಟಿಕ್! ಅವನ ಮುಖ ಅರಳಿತು. ಓಹೋ, ತಲೆ ಕೆರೆಯಬೇಕು! ಮತ್ತೆ ಕೆರೆದ. ಟಿಕ್ ಬರಲಿಲ್ಲ. ಇನ್ನೊಂದು ಕೈಯಿಂದ ಕೆರೆದ. ಎರಡೂ ಕೈಯಿಂದ ಕೆರೆದ. ಬಗ್ಗಿ ಕೆರೆದ, ಕುಳಿತು ಕೆರೆದ. ನಾವೆಲ್ಲ ಬಾಯಿಗೆ ಕೈ ಅಡ್ಡ ಇಟ್ಟು ಕೂತಿದ್ದೆವು. ಕೊನೆಗೆ ಅವನಿಗೆ ಸಿಟ್ಟು ಬಂತು. "ಏನು ಮಾಡಬೇಕು ಅಂತ ಬಾಯಿಬಿಟ್ಟು ಹೇಳ್ರೀ!" ಅಂತ ಕೂಗಿ ಚಾಪೆಯ ಮೇಲೆ ಕೂತುಬಿಟ್ಟ. ಹೇಳಿದರೂ ಅರ್ಥವಾಗದ ಗುಂಡ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದ.

ಎಷ್ಟು ಓದಿದ್ದರೂ ಈ ಆಟ ಕಲಿಸಿದಷ್ಟು ನನಗೆ ಬೇರೇನೂ ಕಲಿಸಲಿಲ್ಲ. ನಮ್ಮ ಮನಸ್ಸಿನಲ್ಲಿ ಇದ್ದದ್ದು ಸ್ವಿಚ್. ಅವನಿಗೆ ತಲುಪಿದ್ದು ತಲೆ. ನಾಯಿ ಕೂತ ಮೇಲೆ ನಾವು ಜೇಬು ತಡಕಿ ತಿಂಡಿ ತೆಗೆಯುವಷ್ಟರಲ್ಲಿ ಅದು ಎದ್ದು ಮೈಮೇಲೆ ಹಾರಿರುತ್ತದೆ, ತಿಂಡಿ ಸಿಗುವುದು ಹಾರಿದ್ದಕ್ಕೆ. ಎಷ್ಟೋ ಮನೆಗಳಲ್ಲಿ ನಾಯಿ ಹಾರುವುದನ್ನು ಕಲಿಯುವುದು ಹೀಗೇ ಅನ್ನಿಸುತ್ತದೆ. ಆಮೇಲೆ ನಾವು ಚೆಂಡು ಬೀಳಿಸಿ ಅಭ್ಯಾಸ ಮಾಡಿದೆವು. ಒಬ್ಬರು ಚೆಂಡು ಬಿಡುವುದು, ಅದು ನೆಲ ಮುಟ್ಟಿದ ಕ್ಷಣಕ್ಕೆ ಇನ್ನೊಬ್ಬರು ಒತ್ತುವುದು. ಇದರಲ್ಲಿ ಅಪ್ಪನದೇ ಮೇಲುಗೈ. ಅನುಮಾನದಿಂದ ನೋಡುತ್ತಿದ್ದವರು ಅಲ್ಲಿಂದ ಕ್ಲಿಕ್ಕರ್ ಬಿಟ್ಟುಕೊಡಲಿಲ್ಲ.

ಗುಂಡ ಎದ್ದ. ಬೇಯಿಸಿದ ಕೋಳಿ ಮಾಂಸವನ್ನು ಬಟಾಣಿ ಕಾಳಿನಷ್ಟು ಸಣ್ಣಗೆ ಹೆಚ್ಚಿ ಇಟ್ಟಿದ್ದೆ. ದೊಡ್ಡ ತುಂಡಾದರೆ ಅಗಿಯುತ್ತಾ ಕೂರುತ್ತಾನೆ, ಹೊಟ್ಟೆಯೂ ಬೇಗ ತುಂಬುತ್ತದೆ. ಇಲ್ಲಿ ತಿಂದಷ್ಟನ್ನು ಅವತ್ತಿನ ಊಟದಲ್ಲಿ ಕಡಿಮೆ ಮಾಡಿದರಾಯಿತು. ಕೆಲವು ಮರಿಗಳು ಆ ಸದ್ದಿಗೇ ಹೆದರುತ್ತವಂತೆ, ಅದಕ್ಕೆ ಮೊದಲ ಕ್ಲಿಕ್ಕನ್ನು ಕೈ ಜೇಬಿನೊಳಗಿಟ್ಟು ಮಾಡಿದೆ. ಗುಂಡ ಕಿವಿ ಹಿಂದಕ್ಕೆ ಮಾಡಿದ. ತುಂಡು ಬಾಯಿಗೆ ಬಿತ್ತು, ಕಿವಿ ಸರಿಯಾಯಿತು. ಆಮೇಲೆ ಸುಮ್ನೆ ಅದೇ ಕೆಲಸ. ಟಿಕ್, ತಿಂಡಿ. ಟಿಕ್, ತಿಂಡಿ. ಅವನು ಏನೂ ಮಾಡಬೇಕಾಗಿಲ್ಲ. ಟಿಕ್ ಮೊದಲು, ಕೈ ಆಮೇಲೆ. ಕೈ ಮೊದಲು ಬಟ್ಟಲಿಗೆ ಹೋದರೆ ನಾಯಿ ಕೈಯನ್ನೇ ನೋಡುತ್ತದೆ, ಸದ್ದು ಅದಕ್ಕೆ ಲೆಕ್ಕಕ್ಕೇ ಇರುವುದಿಲ್ಲ. ಸ್ವಲ್ಪ ಹೊತ್ತಿನ ನಂತರ ಅವನು ಚಾಪೆಯ ಅಂಚು ಮೂಸುತ್ತಿದ್ದಾಗ ಒಂದು ಸಲ ಒತ್ತಿದೆ. ತಟ್ಟನೆ ತಿರುಗಿ ನನ್ನ ಮುಖ ನೋಡಿದ. ಅರ್ಥ ಆಗಿದೆ ಅನ್ನುವುದಕ್ಕೆ ಅದೇ ಗುರುತು. ಅಲ್ಲಿಗೇ ನಿಲ್ಲಿಸಿದೆವು. ಮರಿಗಳ ಗಮನ ಎರಡು ಮೂರು ನಿಮಿಷದ್ದು. ಇನ್ನೂ ಬೇಕು ಅಂತ ಅದು ನೋಡುತ್ತಿರುವಾಗಲೇ ಮುಗಿಸಿದರೆ ಒಳ್ಳೆಯದು.

ಸಂಜೆ ಕೂರುವುದನ್ನು ಹಿಡಿಯಲು ಹೊರಟೆವು. ಹಿಡಿಯುವುದು ಅಂದರೆ ಕಾಯುವುದು. ಬೆನ್ನು ಒತ್ತಿ ಕೂರಿಸುವುದಿಲ್ಲ, "ಸಿಟ್, ಸಿಟ್" ಅನ್ನುವುದೂ ಇಲ್ಲ. ನಾಯಿ ದಿನಕ್ಕೆ ಎಷ್ಟೋ ಸಲ ತಾನಾಗಿ ಕೂರುತ್ತದೆ, ಅದರಲ್ಲಿ ಒಂದನ್ನು ಹಿಡಿದರಾಯಿತು. ಗುಂಡ ನನ್ನ ಕಾಲ ಬೆರಳು ಕಚ್ಚಿ ನೋಡಿದ, ಬೊಗಳಿದ, ಬಟ್ಟಲಿನ ಕಡೆ ಹಾರಿದ, ಅಪ್ಪನ ಹತ್ತಿರ ಹೋಗಿ ದೂರು ಕೊಟ್ಟು ಬಂದ. ಅಮ್ಮ "ಪಾಪ ಕಣೇ, ಹೇಳಬಾರದಾ?" ಅಂದರು. ಸುಮ್ಮನಿದ್ದೆ. ಏನೂ ತೋಚದೆ ಮೇಲೆ ನೋಡುತ್ತಾ ಅವನು ಹಿಂಭಾಗ ನೆಲಕ್ಕೆ ಊರಿದ. ಟಿಕ್. ತುಂಡನ್ನು ಬಾಯಿಗೆ ಕೊಡದೆ ಒಂದು ಮಾರು ದೂರ ಎಸೆದೆ. ಎದ್ದು ಹೋಗಿ ತಿನ್ನಬೇಕಲ್ಲ, ಎದ್ದರೆ ತಾನೇ ಮತ್ತೆ ಕೂರಲು ಸಾಧ್ಯ? ಓಡಿ ತಿಂದು ವಾಪಸ್ ಬಂದ. ಯೋಚಿಸಿದ. ಯೋಚಿಸಿದ ಅನ್ನುವುದಕ್ಕೆ ನನ್ನಲ್ಲಿ ಪುರಾವೆ ಇಲ್ಲ, ಆದರೆ ಆ ಹಣೆಯ ನೆರಿಗೆ ನೋಡಿದ್ದರೆ ನೀವೂ ಹಾಗೇ ಅನ್ನುತ್ತಿದ್ದಿರಿ. ಮತ್ತೆ ಕೂತ. ಟಿಕ್. ಆಮೇಲೆ ಕೂರುವುದೇ ಕೂರುವುದು, ಕುಕ್ಕರಿಸಿದ ಸದ್ದು ಕೇಳಿಸುವ ಹಾಗೆ.

ಅವನು ಬೇಕೆಂದೇ ಕೂರುತ್ತಿದ್ದಾನೆ ಅಂತ ಗಟ್ಟಿಯಾದ ಮೇಲಷ್ಟೇ, ಮುಂದಿನ ವಾರದಲ್ಲಿ, ಕೂರುವುದಕ್ಕೆ ತುಸು ಮೊದಲು "ಸಿಟ್" ಸೇರಿಸಿದೆವು. ಆಮೇಲೆ ಹೇಳಿದಾಗ ಕೂತರೆ ಮಾತ್ರ ಟಿಕ್. ಕೆಲಸವೇ ಗೊತ್ತಿಲ್ಲದ ಮರಿಗೆ ಅದರ ಹೆಸರು ಹೇಳಿ ಏನು ಪ್ರಯೋಜನ? ಆದರೆ ಮನೆಗೆ ಬಂದವರಿಗೆಲ್ಲ ಇದನ್ನು ಹೇಳಿ ಬಾಯಿ ಮುಚ್ಚಿಸುವುದು ಗುಂಡನಿಗೆ ಕಲಿಸುವುದಕ್ಕಿಂತ ಕಷ್ಟ.

ನಡುವೆ ಒಂದು ದಿನ ಗುಂಡ ಸೋಫಾದ ಕೆಳಗೆ ಸೇರಿಕೊಂಡು ಹೊರಗೆ ಬರಲಿಲ್ಲ. ಅಪ್ಪ ಕ್ಲಿಕ್ಕರ್ ತಂದು ಟಿಕ್ ಅನ್ನಿಸಿದರು. ಬಾಣದ ಹಾಗೆ ಬಂದ. ಅಪ್ಪನ ಕೈಯಲ್ಲಿ ಏನೂ ಇರಲಿಲ್ಲ. "ಬಂದನಲ್ಲ, ಇನ್ನೇನು?" ಅಂದರು. ಬಂದದ್ದೇನೋ ನಿಜ. ಆದರೆ ಒಂದು ಟಿಕ್‌ಗೆ ಒಂದು ತಿಂಡಿ ಅನ್ನುವುದು ಮುರಿಯಬಾರದ ಕರಾರು, ಕೈತಪ್ಪಿ ಒತ್ತಿದರೂ ಕೊಡಲೇಬೇಕು. ಅಲ್ಲದೆ, ಸೋಫಾದ ಕೆಳಗೆ ಸೇರಿದರೆ ಟಿಕ್ ಬರುತ್ತದೆ ಅಂತ ಅವನು ಅಂದುಕೊಂಡರೆ? ಅಮ್ಮ ಓಡಿ ಹೋಗಿ ಒಂದು ತುಂಡು ತಂದರು. ಕ್ಲಿಕ್ಕರ್ ಅವತ್ತಿನಿಂದ ಎತ್ತರದ ಮೊಳೆಗೆ ಹೋಯಿತು, ತಿಂಡಿ ಡಬ್ಬಿಯ ಪಕ್ಕಕ್ಕೆ.

ಜೀವನವಿಡೀ ಜೇಬಲ್ಲಿ ಮಾಂಸ ಇಟ್ಟುಕೊಂಡು ತಿರುಗಬೇಕಾ ಅಂತ ಕೇಳುವವರಿಗೆ ನನ್ನ ಉತ್ತರ: ಬೇಡ. ಕ್ಲಿಕ್ಕರ್ ಹೊಸದನ್ನು ಕಲಿಸುವಾಗ ಬೇಕು. ಕಲಿತಾದ ಮೇಲೆ ಮಾತು ಸಾಕು. ಆಗಾಗ ಒಂದು ತಿಂಡಿ, ಆಗಾಗ ಹಗ್ಗದ ಆಟ. ಕಚ್ಚುವುದಕ್ಕೂ ಇದೇ ಮದ್ದು ಅಂತ ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ. ಹಾಲುಹಲ್ಲು ಬಿದ್ದು ಹೊಸದು ಬರುವವರೆಗೆ ಮರಿಗೆ ಅಗಿಯಲು ಏನಾದರೂ ಬೇಕೇ ಬೇಕು. ಅಗಿಯುವ ಆಟಿಕೆ ಕೊಡಿ, ಚಪ್ಪಲಿ ಎತ್ತಿಡಿ.

ಈಗ ನಾವು ಉಗುರು ಕತ್ತರಿಯ ಹಂತದಲ್ಲಿದ್ದೇವೆ. ಮೊದಲು ಕತ್ತರಿಯನ್ನು ನೋಡಿದ್ದಕ್ಕೆ ಟಿಕ್. ಆಮೇಲೆ ಮೂಸಿದ್ದಕ್ಕೆ, ಪಾದವನ್ನು ನನ್ನ ಕೈಗೆ ಬಿಟ್ಟಿದ್ದಕ್ಕೆ, ಕತ್ತರಿ ಉಗುರಿಗೆ ತಾಗಿದರೂ ಕಾಲು ಎಳೆದುಕೊಳ್ಳದೆ ಇದ್ದಿದ್ದಕ್ಕೆ. ಮೊನ್ನೆ ಒಂದು ಉಗುರಿನ ತುದಿ ತೆಗೆದೆವು. ಉಳಿದವು ಬಾಕಿ ಇವೆ.