ಬೆರ್ಚಪ್ಪ, ಮಮ್ಮಿ, ಮೋಹಿನಿ: 600 ರೂಪಾಯಿಯ ವೇಷಗಳು ಎಲ್ಲಿಗೆ ಬಂದವು

ಅಕ್ಟೋಬರ್ 31ರ ಹ್ಯಾಲೋವೀನ್‌ಗೆ ಮೂರು ಮಕ್ಕಳಿಗೆ ಬೆರ್ಚಪ್ಪ, ಮಮ್ಮಿ (ಬಟ್ಟೆ ಸುತ್ತಿದ ಈಜಿಪ್ಟಿನ ಹೆಣ), ಮೋಹಿನಿ ದೆವ್ವದ ವೇಷ, ಮೂರಕ್ಕೂ ಸೇರಿ 600 ರೂಪಾಯಿ. ಮುಖಕ್ಕೆ ತಾಗುವ ಸಾಮಾನಿಗೆ ಮಾತ್ರ ದುಡ್ಡು, ಮೈಮೇಲೆ ಬರುವುದೆಲ್ಲ ಮನೆಯ ಹಳೇ ಬಟ್ಟೆ. ಹಾಸನಾಂಬೆಯ ಬಾಗಿಲು ತೆಗೆಯುವುದೂ ಹೆಚ್ಚುಕಡಿಮೆ ಇದೇ ಹೊತ್ತಿಗೆ. ಆ ಜನಜಂಗುಳಿಯಲ್ಲಿ ಪೇಟೆ ಸುತ್ತುವುದು ಆಗದ ಮಾತು. ಅದಕ್ಕೇ ಕ್ಯಾಲಮೈನ್ ಲೋಷನ್, ಗ್ಲಿಸರಿನ್, ಜೆಲಟಿನ್ ಪುಡಿ, ಕೋಲ್ಡ್ ಕ್ರೀಮ್, ಕಾಡಿಗೆ ಎಲ್ಲ ಮೊದಲೇ ತಂದಿಟ್ಟಾಗಿದೆ. ನಾಟಕದ ಡ್ರೆಸ್ ಬಾಡಿಗೆಗೆ ಕೊಡುವವರ ಹತ್ತಿರ ಕುರುಕ್ಷೇತ್ರಕ್ಕೆ ಬೇಕಾದ ಕಿರೀಟ, ಗದೆ ಸಿಕ್ಕಾವು. ಆದರೆ ಹರಕು ಬಟ್ಟೆಗೂ ಬಾಡಿಗೆ ಕೊಡುವುದೇ?

ಮಮ್ಮಿ: ಬಟ್ಟೆ ಸಿದ್ಧವಾಗಿದೆ

2 ಮೀಟರ್ ಉದ್ದ, ಒಂದೂಕಾಲು ಮೀಟರ್ ಅಗಲದ ಹಳೇ ಹತ್ತಿ ಪಂಚೆ ಒಂದು. ಅಂಚಿನಲ್ಲಿ 6 ಸೆಂ.ಮೀ.ಗೊಂದು ಕಚ್ಚು ಹಾಕಿ ಉದ್ದಕ್ಕೆ ಹರಿದರೆ 20 ಪಟ್ಟಿ, ಅಂದರೆ 40 ಮೀಟರ್. ಹತ್ತು ವರ್ಷದ ಮಗುವಿಗೆ ಧಾರಾಳ. ಕತ್ತರಿಯಲ್ಲಿ ಪೂರ್ತಿ ಕತ್ತರಿಸಿದರೆ ಆಸ್ಪತ್ರೆಯ ಬ್ಯಾಂಡೇಜಿನ ಹಾಗೆ ಕಾಣುತ್ತದೆ. ಹರಿದಾಗ ಜೋತುಬೀಳುವ ದಾರಗಳೇ ಬಟ್ಟೆಗೆ ವಯಸ್ಸು ತರುವುದು. ಪಾಲಿಯೆಸ್ಟರ್ ಬೆರೆತಿದ್ದರೆ ಟೀ ಬಣ್ಣ ಹಿಡಿಯುವುದಿಲ್ಲ. ಒಂದು ಎಳೆ ಸುಟ್ಟು ನೋಡಿ: ಹತ್ತಿಯಾದರೆ ಕಾಗದದ ವಾಸನೆ ಬಂದು ಬೂದಿ ಉದುರುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

3 ಲೀಟರ್ ನೀರಿಗೆ 50 ಗ್ರಾಂ ಟೀ ಪುಡಿ ಹಾಕಿ 10 ನಿಮಿಷ ಕುದಿಸಿ, ಸೋಸಿ, ಪಟ್ಟಿಗಳನ್ನು ಅರ್ಧ ಗಂಟೆ ನೆನೆಸಬೇಕು. ಹಿಂಡಿದ ಮೇಲೆ ಬಿಡಿಸಿ ಹರವದೆ ಮುದ್ದೆಯಾಗಿಯೇ ಫ್ಯಾನ್ ಕೆಳಗಿಟ್ಟರೆ ಮಡಿಕೆಗಳಲ್ಲಿ ಬಣ್ಣ ನಿಂತು ಕಲೆಕಲೆಯಾಗುತ್ತದೆ. ಈ ತಿಂಗಳ ಥಂಡಿಯಲ್ಲಿ ಗಾಳಿಯಾಡದಿದ್ದರೆ ಮುಗ್ಗಲು ವಾಸನೆ ಹಿಡಿಯುವುದು ಖಂಡಿತ. ಸಕಲೇಶಪುರದ ಕಾಫಿ ಪಕ್ಕದಲ್ಲೇ ಇರುವಾಗ ಟೀ ಯಾಕೆ ಎಂದರೆ, ಚಿಕೋರಿ ಬೆರೆತ ಡಿಕಾಕ್ಷನ್ನಿನಲ್ಲಿ ನೆನೆದ ಬಟ್ಟೆ ಅಂಟಂಟಾಗುತ್ತದೆ. ಫಿಲ್ಟರಿನಲ್ಲಿ ಉಳಿದ ಚರಟ ಮಾತ್ರ ಮೊಣಕೈ, ಮಂಡಿಯ ಹತ್ತಿರ ಉಜ್ಜಲು ಬೇಕು. ಗೋರಿಯ ಮಣ್ಣಿಗೆ ಅದಕ್ಕಿಂತ ಒಳ್ಳೆಯ ಬಣ್ಣ ಇಲ್ಲ.

ಪಟ್ಟಿಗಳನ್ನು ನೇರ ಮೈಗೆ ಸುತ್ತಬೇಡಿ. ಸ್ವಲ್ಪ ಓಡಾಡಿದರೆ ಸೊಂಟದಿಂದ ಜಾರುತ್ತವೆ, ಮಗುವಿಗೆ ಬಚ್ಚಲಿಗೆ ಹೋಗಲೂ ಆಗುವುದಿಲ್ಲ. ಹಳೇ ಟೀ ಶರ್ಟ್, ಪೈಜಾಮದ ಮೇಲೆ ಹೊಲಿಯಿರಿ, ಅದೂ ಪಕ್ಕದ ಹೊಲಿಗೆಗಳ ಮೇಲೆ ಮಾತ್ರ. ಅಡ್ಡಕ್ಕೆ ಉದ್ದಕ್ಕೂ ಹೊಲಿಗೆ ಓಡಿಸಿದರೆ ಟೀ ಶರ್ಟ್ ಹಿಗ್ಗುವುದಿಲ್ಲ, ತಲೆ ತೂರುವುದಿಲ್ಲ. ಬೆನ್ನು ಸೀಳಿ ವೆಲ್ಕ್ರೋ ಹಾಕಿದರೆ ಆ ತಾಪತ್ರಯವೇ ಇಲ್ಲ.

ಬೆರ್ಚಪ್ಪ: ತಲೆ ಇನ್ನೂ ಒಣಗುತ್ತಿದೆ

ಗೋಣಿಚೀಲದ ಅಂಗಿ ಆಗಿದೆ. ಒಳಗೆ ತೋಳಿನ ಬನಿಯನ್ ಇಲ್ಲದಿದ್ದರೆ ನವೆ. ಗೋಣಿಯನ್ನೇ ತಲೆಗೂ ಹಾಕಿದರೆ ಕಣ್ಣು ಕಾಣದೆ ಮಗು ಮೆಟ್ಟಿಲು ಎಡವುತ್ತದೆ. ಅದಕ್ಕೇ ಅಡಿಕೆ ಹಾಳೆಯ ಮುಖವಾಡ.

ಉದುರಿದ ಹಾಳೆಯನ್ನು ಮೆತ್ತಗಾಗುವವರೆಗೂ ನೀರಲ್ಲಿ ನೆನೆಸಿ, ಒಳಮೈಯ ತೆಳು ಪೊರೆ ಸುಲಿಯಬೇಕು. ಪೊರೆ ಉಳಿದರೆ ನಾಳೆ ಅದರ ಜೊತೆಗೇ ಬಣ್ಣವೂ ಏಳುತ್ತದೆ. ಕಣ್ಣು, ಮೂಗು, ಬಾಯಿಯ ತೂತುಗಳನ್ನು ಹಸಿಯಲ್ಲೇ ಕೊಯ್ಯಿರಿ, ಒಣಗಿದ ಹಾಳೆ ಚಾಕುವಿಗೆ ಸೀಳುತ್ತದೆ. ಕಣ್ಣಿನ ತೂತು 4 ಸೆಂ.ಮೀ.ಗೆ ಕಡಿಮೆ ಬೇಡ. ಬೋರಲು ಹಾಕಿದ ಪಾತ್ರೆಯ ಮೇಲೆ ಬಿಗಿದು ಕಟ್ಟಿ ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಸುರುಳಿ ಸುತ್ತಿಕೊಳ್ಳುತ್ತದೆ, ಅರ್ಧ ಒಣಗಿದಾಗ ಬಿಚ್ಚಿದರೂ ಅದೇ ಗತಿ. ಸೀಳು ಬಿಟ್ಟ ಕಡೆ ಒಳಗಿನಿಂದ ಎರಡು ಪದರ ಪೇಪರ್, ಮೈದಾ ಅಂಟು: ಒಂದು ಕಪ್ ಮೈದಾಗೆ ನಾಲ್ಕು ಕಪ್ ನೀರು, ಕೈಬಿಡದೆ ಕುದಿಸಬೇಕು. ಬೂಷ್ಟು ಬಾರದಿರಲೆಂದು ಅಂಟಿಗೆ ಮೈಲುತುತ್ತ ಹಾಕುವ ರೂಢಿ ಉಂಟು. ಉಸಿರಾಡುವ ಮುಖವಾಡಕ್ಕೆ ಆ ವಿಷ ಬೇಡ, ಒಂದು ಚಮಚ ಉಪ್ಪು ಸಾಕು.

ಕೂದಲಿಗೆ ತೆಂಗಿನ ನಾರು. ಅಂಟಿಸಿದರೆ ಉದುರುತ್ತದೆ; ಚಿಕ್ಕ ಚಿಕ್ಕ ಕಟ್ಟು ಮಾಡಿ ಹಳೇ ಟೊಪ್ಪಿಗೆಗೆ ಹೊಲಿಯಬೇಕು. ದೀಪಾವಳಿಯೂ ಹತ್ತಿರದಲ್ಲೇ ಇರುವುದರಿಂದ ಈ ನಾರಿನ ತಲೆ ಪಟಾಕಿಯ ಹತ್ತಿರ ಸುಳಿಯಕೂಡದು.

ಮೋಹಿನಿ, ಮತ್ತು ಮುಖದ ಕೆಲಸ

ಮೋಹಿನಿಯ ಬಟ್ಟೆಗೆ ಹಳೇ ಬಿಳಿ ಸೀರೆ, ಬಿಚ್ಚುಗೂದಲು, ಉಳಿದದ್ದೆಲ್ಲ ಮುಖ. ಬಿಳಿಚಿಕೊಳ್ಳಲು ಕ್ಯಾಲಮೈನ್ ಲೋಷನ್ನೇ ಅಗ್ಗ. ಚೆನ್ನಾಗಿ ಕುಲುಕಿ, ಸ್ಪಂಜಿನಿಂದ ತೆಳುವಾಗಿ ಎರಡು ಸಲ ಹಚ್ಚಿ. ಒಂದೇ ಸಲ ದಪ್ಪ ಬಳಿದರೆ ನಕ್ಕ ಕೂಡಲೇ ಬಾಯಿಯ ಪಕ್ಕ ಬಿರುಕು. ಕತ್ತು, ಕಿವಿ, ಕೈ ಮರೆತರೆ ಮುಖ ಮಾತ್ರ ಬೇರೆ ಯಾರದೋ ಅನ್ನಿಸುತ್ತದೆ. ಕಣ್ಣಿನ ಕೆಳಗೆ ಕಾಡಿಗೆಗೆ ಒಂದಿಷ್ಟು ಮರೂನ್ ಲಿಪ್‌ಸ್ಟಿಕ್ ಬೆರೆಸಿ ಬೆರಳಿನಿಂದ ತೀಡಿ, ಮೇಲೆ ಪೌಡರ್ ಒತ್ತಿ. ಪೌಡರ್ ಇಲ್ಲದಿದ್ದರೆ ಬೆವರಿಗೆ ಕೆನ್ನೆಯವರೆಗೂ ಇಳಿಯುತ್ತದೆ. ಹಳೇ ಬಣ್ಣದ ಪೆಟ್ಟಿಗೆಗಳ ಇಂಗಳೀಕ, ಅರದಾಳ ಸಿಕ್ಕರೂ ಮುಟ್ಟಬೇಡಿ: ಮೊದಲನೆಯದು ಪಾದರಸದ್ದು, ಎರಡನೆಯದು ಆರ್ಸೆನಿಕ್‌ನದು. ಯಾವುದನ್ನೇ ಆಗಲಿ ಹಿಂದಿನ ದಿನ ಮೊಣಕೈ ಒಳಗೆ ಹಚ್ಚಿ ನೋಡಿ.

ಗಾಯಕ್ಕೆ ಒಂದು ಚಮಚ ಜೆಲಟಿನ್ ಪುಡಿಯನ್ನು ಒಂದು ಚಮಚ ನೀರಿನಲ್ಲಿ 10 ನಿಮಿಷ ಉಬ್ಬಲು ಬಿಟ್ಟು, ಒಂದು ಚಮಚ ಗ್ಲಿಸರಿನ್ ಸೇರಿಸಿ, ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ. ಕುದಿಸಿದರೆ ನೊರೆಯಾಗಿ ಬಿಗಿ ಹೋಗುತ್ತದೆ. ಎಣ್ಣೆ ಸವರಿದ ತಟ್ಟೆಯಲ್ಲಿ ಅಂಚು ತೆಳುವಾಗುವಂತೆ ಹರಡಿ, ಗಟ್ಟಿಯಾದ ಮೇಲೆ ನಡುವೆ ಸೀಳಿ. ಮಣಿಕಟ್ಟಿನ ಮೇಲೆ ಬಿಸಿ ನೋಡಿಕೊಂಡು ಅದೇ ಪಾಕದಿಂದ ಅಂಟಿಸಿ. ಹಣೆಯಲ್ಲಿ ಬೆವರಿಗೆ ಕಳಚುತ್ತದೆ, ಕೆನ್ನೆಯೋ ಮುಂಗೈಯೋ ವಾಸಿ. ಜೆಲಟಿನ್ ಬದಲು ಚೀನಾ ಗ್ರಾಸ್ (ಕಡಲಪಾಚಿಯ ಅಗರ್) ಹಾಕಿದರೆ ಬಾಗಿಸಿದಾಗ ತುಂಡಾಗುತ್ತದೆ. ಪ್ರಾಣಿಮೂಲದ ಜೆಲಟಿನ್ ಬೇಡವೆನ್ನುವ ಮನೆಗಳಲ್ಲಿ ಗಾಯವನ್ನು ಬಣ್ಣದಲ್ಲೇ ಬರೆಯುವುದು ಲೇಸು. ಫೆವಿಕಾಲ್ ಅಂತೂ ಚರ್ಮಕ್ಕೆ ಬೇಡವೇ ಬೇಡ.

ರಕ್ತ ಎರಡು ಬಗೆ. ಸೀರೆಗೆ ಓಕುಳಿ ಸಾಕು, ಅರಿಶಿನದ ನೀರಿಗೆ ಸುಣ್ಣ. ಒಣಗುತ್ತಾ ಕೆಂಪು ಕಂದುವುದರಿಂದ ಹಳೇ ರಕ್ತದ ಕಲೆಗೆ ಸರಿಹೋಗುತ್ತದೆ. ಸುಣ್ಣ ಸುಡುವುದರಿಂದ ಮುಖಕ್ಕೆ ಕೂಡದು. ಮುಖದ ರಕ್ತಕ್ಕೆ ಅರ್ಧ ಕಪ್ ನೀರಿನಲ್ಲಿ ಒಂದು ಚಮಚ ಕಾರ್ನ್ ಫ್ಲೋರ್ ಕುದಿಸಿ, ಆರಿದ ಮೇಲೆ ಕಾಲು ಚಮಚ ಕೆಂಪು ಫುಡ್ ಕಲರ್, ಚಿಟಿಕೆ ಇನ್‌ಸ್ಟಂಟ್ ಕಾಫಿ ಪುಡಿ. ಕಾಫಿ ಬೀಳದಿದ್ದರೆ ಟೊಮೆಟೊ ಸಾಸ್ ಬಣ್ಣ. ಬೆಲ್ಲದ ಪಾಕದಲ್ಲಿ ಮಾಡಿದರೆ ದೆವ್ವಕ್ಕಿಂತ ಮೊದಲು ಇರುವೆ ಬರುತ್ತವೆ. ಫುಡ್ ಕಲರ್ ಚರ್ಮಕ್ಕೆ ಹಿಡಿಯುತ್ತದೆ, ಅಡಿಯಲ್ಲಿ ಕೋಲ್ಡ್ ಕ್ರೀಮ್ ಇರಲಿ.

ಇನ್ನು ಬಾಕಿ: ಹಾಳೆಗೆ ಬಣ್ಣ, ಸೀರೆಗೆ ಓಕುಳಿ. ಮುಖದ ರಕ್ತವನ್ನು 31ರ ಮಧ್ಯಾಹ್ನವೇ ಕಾಯಿಸುವುದು, ಮೊದಲೇ ಮಾಡಿಟ್ಟರೆ ಹಳಸುತ್ತದೆ. ತೆಗೆಯುವಾಗ ಕ್ಯಾಲಮೈನ್, ಜೆಲಟಿನ್‌ಗೆ ಬೆಚ್ಚನೆಯ ನೀರು. ಕಾಡಿಗೆ, ಲಿಪ್‌ಸ್ಟಿಕ್‌ಗೆ ಮೊದಲು ತೆಂಗಿನೆಣ್ಣೆ, ಆಮೇಲೆ ಕಡಲೆಹಿಟ್ಟು.