ಮೇಲಿನ ಹಲಗೆ

ಪಿರಿಯಾಪಟ್ಟಣದ ಹತ್ತಿರ ನಮ್ಮೂರು. ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದರು. ಬ್ಯಾರನ್‌ನಲ್ಲಿ, ಅಂದರೆ ಸೊಪ್ಪನ್ನು ತೂಗುಹಾಕಿ ಬಿಸಿ ಗಾಳಿಯಲ್ಲಿ ಒಣಗಿಸುವ ಮನೆಯಲ್ಲಿ, ಬೇಯಿಸಿದ ಸೊಪ್ಪು ಹಪ್ಪಳದ ಹಾಗೆ ಇರುತ್ತದೆ, ಮುಟ್ಟಿದರೆ ಪುಡಿ. ಅದಕ್ಕೇ ರಾತ್ರಿಯೆಲ್ಲಾ ಬಾಗಿಲು ತೆಗೆದಿಟ್ಟು ತಂಪು ಗಾಳಿ ಆಡಲು ಬಿಡುತ್ತಿದ್ದರು. ಬೆಳಗ್ಗೆ ಅಪ್ಪ ಒಂದು ಎಲೆಯನ್ನು ಮುಷ್ಟಿಯಲ್ಲಿ ಹಿಡಿದು ಬಿಡುತ್ತಿದ್ದರು. ಎಲೆ ಮುರಿಯದೆ ಮತ್ತೆ ಬಿಚ್ಚಿಕೊಂಡರೆ "ಹದ ಬಂತು" ಅನ್ನುತ್ತಿದ್ದರು.

ಈಗ ಆ ಹದ ಕಾಯುವುದೇ ನನ್ನ ಕೆಲಸ. ದುಬೈನ ಒಂದು ಸಿಗಾರ್ ಅಂಗಡಿಯ ಸ್ಟೋರ್ ರೂಮ್ ನೋಡಿಕೊಳ್ಳುತ್ತೇನೆ. ಗಿರಾಕಿಗಳು ಪೆಟ್ಟಿಗೆ ಕೊಂಡು ನಮ್ಮಲ್ಲೇ ಇಟ್ಟು ಹೋಗುತ್ತಾರೆ. ಕೆಲವರು ಐದು ವರ್ಷ, ಕೆಲವರು ಹದಿನೈದು. ನಾನು ಸೇದುವುದಿಲ್ಲ, ಸೇದಿ ಅಂತ ಯಾರಿಗೂ ಹೇಳುವುದಿಲ್ಲ. ಆದರೆ ಈ ಎಲೆಯನ್ನು ಕಾಪಾಡುವ ಕೆಲಸ ನನಗೆ ತುಂಬಾ ಇಷ್ಟ.

ಅಪ್ಪ ಬೆಳೆಯುತ್ತಿದ್ದದ್ದು ಸಿಗರೇಟಿನ ಸೊಪ್ಪು. ಅದು ಬಿಸಿ ಗಾಳಿಯಲ್ಲಿ ವಾರದೊಳಗೆ ಹಳದಿಯಾಗಿ ಸಿದ್ಧವಾಗುತ್ತದೆ. ಸಿಗಾರಿನ ಎಲೆ ಹಾಗಲ್ಲ. ಕ್ಯೂಬಾದ ಪಿನಾರ್ ದೆಲ್ ರಿಯೋ ಕಡೆ ಅದನ್ನು ದೊಡ್ಡ ಕೊಟ್ಟಿಗೆಗಳಲ್ಲಿ ನೆರಳಿಗೆ ತೂಗುಹಾಕಿ ವಾರಗಟ್ಟಲೆ ಒಣಗಿಸುತ್ತಾರೆ. ಆಮೇಲೆ ರಾಶಿ ಹಾಕಿ ಹುದುಗು ಬರಿಸುತ್ತಾರೆ. ಸುತ್ತಿ ಪೆಟ್ಟಿಗೆಗೆ ಹಾಕಿದ ಮೇಲೂ ಆ ಹುದುಗು ಪೂರ್ತಿ ನಿಲ್ಲುವುದಿಲ್ಲ, ನಿಧಾನವಾಗಿ ನಡೆಯುತ್ತಲೇ ಇರುತ್ತದೆ. ಹೊಸ ಪೆಟ್ಟಿಗೆ ತೆರೆದರೆ ಒಮ್ಮೊಮ್ಮೆ ಅಮೋನಿಯಾ ವಾಸನೆ ಮೂಗಿಗೆ ಹೊಡೆಯುತ್ತದೆ. ವರ್ಷ ಕಳೆದಂತೆ ಅದು ಹೋಗಿ, ಮರದ ವಾಸನೆ, ಒಣ ಹುಲ್ಲಿನ ವಾಸನೆ ಉಳಿಯುತ್ತದೆ. ಹಳೆಯ ಪೆಟ್ಟಿಗೆಗೆ ಜನ ಜಾಸ್ತಿ ದುಡ್ಡು ಕೊಡುವುದಕ್ಕೆ ಇದು ಒಂದು ಕಾರಣ.

ಇನ್ನೊಂದು ಕಾರಣ, ಮತ್ತೆ ಸಿಗುವುದಿಲ್ಲ ಅನ್ನುವುದು. ಡೇವಿಡಾಫ್ ಸಿಗಾರ್‌ಗಳನ್ನು ಒಂದು ಕಾಲದಲ್ಲಿ ಕ್ಯೂಬಾದಲ್ಲೇ ಸುತ್ತುತ್ತಿದ್ದರು. 1990ರ ದಶಕದ ಆರಂಭದಲ್ಲಿ ಅದು ನಿಂತಿತು. ಇವತ್ತು ಆ ಹಳೆಯ ಕ್ಯೂಬಾ ಪೆಟ್ಟಿಗೆಗಳು ಎಷ್ಟಿವೆಯೋ ಅಷ್ಟೇ. 2022ರಲ್ಲಿ ಕೊಹಿಬಾ ಮತ್ತು ಟ್ರಿನಿಡಾಡ್ ಅನ್ನುವ ಕ್ಯೂಬಾ ಸಿಗಾರ್‌ಗಳ ಬೆಲೆಯನ್ನು ಜಗತ್ತಿನಾದ್ಯಂತ ಒಮ್ಮೆಗೇ ಏರಿಸಿದ ಮೇಲೆ, ಸೇದದವರೂ ಬಂದು "ಇದು ಇನ್ವೆಸ್ಟ್‌ಮೆಂಟ್ ಆಗುತ್ತಾ?" ಅಂತ ಕೇಳತೊಡಗಿದರು. ನನ್ನ ಉತ್ತರ ಒಂದೇ. ಚಿನ್ನದ ಹಾಗೆ ಬೇಕಾದಾಗ ಮಾರಲಾಗುವುದಿಲ್ಲ. ಇಲ್ಲಿ 2017ರಿಂದ ತಂಬಾಕಿನ ಮೇಲೆ 100% ಎಕ್ಸೈಸ್ ತೆರಿಗೆ ಇದೆ, ಅಷ್ಟು ಕೊಟ್ಟು ಕೊಂಡದ್ದನ್ನು ಲಾಭಕ್ಕೆ ಮಾರುವುದು ಸುಲಭ ಅಲ್ಲ. ಹತ್ತು ವರ್ಷ ಕಾಯುವ ತಾಳ್ಮೆ ಇರುವವರು, ನಷ್ಟವಾದರೂ ನಿದ್ದೆ ಕೆಡದವರು ಮಾತ್ರ ಕೈ ಹಾಕಬೇಕು.

ಕಾದವರಿಗೂ ಬೆಲೆ ಸಿಗಬೇಕಾದರೆ ಎರಡು ಬೇಕು. ಪೆಟ್ಟಿಗೆ ಪೂರ್ತಿ ಇರಬೇಕು. ಅದು ಎಲ್ಲಿ, ಹೇಗೆ ಇತ್ತು ಅನ್ನುವ ದಾಖಲೆ ಇರಬೇಕು. ಕ್ಯೂಬಾ ಪೆಟ್ಟಿಗೆಯ ತಳದಲ್ಲಿ ಕಾರ್ಖಾನೆಯ ಗುಟ್ಟಿನ ಅಕ್ಷರಗಳು, ತಿಂಗಳು, ವರ್ಷ ಒತ್ತಿರುತ್ತಾರೆ. ಅದು ಹುಟ್ಟಿದ ದಿನದ ಸಾಕ್ಷಿ. ಬೆಳೆದ ವರ್ಷಗಳ ಸಾಕ್ಷಿ ನಮ್ಮ ಲೆಡ್ಜರ್. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ಉಷ್ಣತೆ ಮತ್ತು ತೇವಾಂಶ ಬರೆಯುತ್ತೇನೆ. 18 ಡಿಗ್ರಿ, 66%. ನಾಲ್ಕು ವರ್ಷ ಒಂದು ದಿನವೂ ತಪ್ಪಿಸಲಿಲ್ಲ.

ಆ ಲೆಡ್ಜರ್‌ನಲ್ಲೇ ತಪ್ಪಿತ್ತು.

ಒಂದು ಸೆಪ್ಟೆಂಬರ್‌ನಲ್ಲಿ ಗಿರಾಕಿಯೊಬ್ಬರು ತಮ್ಮ ಪಾರ್ತಗಾಸ್ ಲುಸಿಟಾನಿಯಾಸ್ ಅನ್ನುವ ಕ್ಯೂಬಾ ಸಿಗಾರ್‌ಗಳ ಪೆಟ್ಟಿಗೆಯನ್ನು ಲಂಡನ್ ಹರಾಜಿಗೆ ಕಳಿಸಬೇಕು ಅಂದರು. ಐವತ್ತು ಸಿಗಾರ್‌ಗಳ, ಜಾರು ಮುಚ್ಚಳದ ಮರದ ಪೆಟ್ಟಿಗೆ. ತಳದಲ್ಲಿ 2003ರ ಮೊಹರು. ಏಣಿ ಹತ್ತಿ ಮೇಲಿನ ಹಲಗೆಯಿಂದ ಇಳಿಸಿದೆ. ಮುಚ್ಚಳ ಸರಿಸಿದರೆ ಒಳಗೆ ಹಳದಿ ರಿಬ್ಬನ್ ಕಟ್ಟಿದ ಕಟ್ಟು, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಕಟ್ಟನ್ನು ಎತ್ತಿದೆ. ಪೆಟ್ಟಿಗೆಯ ಮೂಲೆಯಲ್ಲಿ ಕಾಫಿಪುಡಿಯಂಥ ಕಂದು ಪುಡಿ, ಒಂದು ಚಿಟಿಕೆಯಷ್ಟು. ಟಾರ್ಚ್ ಹಿಡಿದು ಒಂದೊಂದೇ ಸಿಗಾರ್ ತಿರುಗಿಸಿದೆ. ಮೂರರಲ್ಲಿ ಗುಂಡುಸೂಜಿ ಚುಚ್ಚಿದಂಥ ದುಂಡು ತೂತು.

ಹುಳ. ರಾಗಿಗೆ, ಅಕ್ಕಿಗೆ ಬೀಳುವ ಹಾಗೆ ಒಣ ತಂಬಾಕಿಗೂ ಒಂದು ಸಣ್ಣ ಕಂದು ಜೀರುಂಡೆ ಬೀಳುತ್ತದೆ. ಮೊಟ್ಟೆ ಎಲೆಯೊಳಗೇ ಇರಬಹುದು, ಕಣ್ಣಿಗೆ ಕಾಣುವುದಿಲ್ಲ. ತಂಪಾಗಿದ್ದರೆ ಸುಮ್ನೆ ಮಲಗಿರುತ್ತದೆ. 24-25 ಡಿಗ್ರಿ ದಾಟಿ ಹಾಗೇ ನಿಂತರೆ ಒಡೆಯುತ್ತದೆ. ಆದರೆ ನಮ್ಮ ರೂಮ್ 18 ಡಿಗ್ರಿ ಅಲ್ವಾ? ಗೋಡೆಯ ಡಿಸ್‌ಪ್ಲೇ ನೋಡಿದೆ. 18 ಅಂತಲೇ ಇತ್ತು.

ಕೈಗೆ ಸಿಕ್ಕ ಇನ್ನೊಂದು ಮೀಟರ್ ತಂದು ಮೇಲಿನ ಹಲಗೆಯ ಮೂಲೆಯಲ್ಲಿಟ್ಟು ಅರ್ಧ ಗಂಟೆ ಕಾದೆ. 27.

ಆಗ ಅರ್ಥವಾಯಿತು. ಸೆನ್ಸರ್ ಇದ್ದದ್ದು ಎಸಿ ಗಾಳಿ ಬೀಳುವ ಜಾಗದ ಕೆಳಗೆ. ಆ ಹಲಗೆಯ ಹಿಂದಿನದು ಪಡುವಣ ಗೋಡೆ, ಆಚೆ ಬಯಲು. ದುಬೈ ಬೇಸಿಗೆಯ ಸಂಜೆ ಬಿಸಿಲು ನೇರ ಅದಕ್ಕೇ ಬೀಳುತ್ತದೆ. ಬಿಸಿ ಗಾಳಿ ಮೇಲೇರುತ್ತದೆ ಅನ್ನುವುದು ಶಾಲೆಯಲ್ಲಿ ಓದಿದ ಪಾಠ. ನಾನು ಬರೆದ ಒಂದೊಂದು ಅಂಕಿಯೂ ನಿಜ, ಆದರೆ ಅದು ಸೆನ್ಸರಿನ ಹದ. ಪೆಟ್ಟಿಗೆಯ ಹದ ಅಲ್ಲ. ಅಪ್ಪ ಯಾವತ್ತೂ ಬ್ಯಾರನ್ ಬಾಗಿಲಲ್ಲಿ ನಿಂತು ಹದ ಹೇಳಿದವರಲ್ಲ. ಒಳಗೆ ಹೋಗಿ, ಮೇಲಿನ ಸಾಲಿನ ಎಲೆ, ಕೆಳಗಿನ ಸಾಲಿನ ಎಲೆ ಎರಡನ್ನೂ ಮುಟ್ಟುತ್ತಿದ್ದರು. ಏಣಿಯ ಮೇಲೆ ಕೂತು ಇದನ್ನು ನೆನೆದಾಗ ಕಣ್ಣು ತುಂಬಿ ಬಂತು.

ಆ ಹಲಗೆಯಲ್ಲಿ ಇಪ್ಪತ್ತಮೂರು ಪೆಟ್ಟಿಗೆಗಳಿದ್ದವು. ಎಲ್ಲವನ್ನೂ ಬೇರೆ ಮಾಡಿ, ಒಂದೊಂದಕ್ಕೂ ಎರಡೆರಡು ಪ್ಲಾಸ್ಟಿಕ್ ಚೀಲ ಹಾಕಿ ಗಾಳಿ ತೆಗೆದು ಬಿಗಿದೆವು. ಹುಳ, ಮೊಟ್ಟೆ ಸಾಯಲಿ ಅಂತ ಮೊದಲು ಒಂದು ದಿನ ಫ್ರಿಡ್ಜ್, ಆಮೇಲೆ −20 ಡಿಗ್ರಿ ಫ್ರೀಜರಿನಲ್ಲಿ ಐದು ದಿನ, ಮತ್ತೆ ಒಂದು ದಿನ ಫ್ರಿಡ್ಜ್, ಆಮೇಲೇ ರೂಮಿಗೆ. ಈ ಮೆಟ್ಟಿಲು ಹಾರಿಸಿದರೆ ಹೊರಗಿನ ಎಲೆ ಬಿರಿಯುತ್ತದೆ, ಇಪ್ಪತ್ತು ವರ್ಷ ಹಳೆಯ ಎಲೆಯಂತೂ ಇನ್ನೂ ನಾಜೂಕು. ಚೀಲಗಳನ್ನು ಬಿಚ್ಚುವ ಆತುರ ಬೇಡ. ಮೇಲೆ ಕೂತ ನೀರಿನ ಹನಿ ಪೂರ್ತಿ ಆರಲಿ.

ಇದೆಲ್ಲ ಕೈಕೆಲಸ, ಮಾಡಿ ಮುಗಿಸಿದೆವು. ಗಿರಾಕಿಗಳಿಗೆ ಹೇಳುವುದೇ ಕಷ್ಟ ಇತ್ತು. ಮ್ಯಾನೇಜರ್ "ತೂತು ಬಿದ್ದದ್ದು ಒಂದೇ ಪೆಟ್ಟಿಗೆ, ಉಳಿದವರಿಗೆ ಯಾಕೆ ಗಾಬರಿ?" ಅಂದರು. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ನಾನು ಒಪ್ಪಲಿಲ್ಲ. "ಸರ್, ನಾಳೆ ಅದನ್ನು ಕೊಳ್ಳುವವರು ನಮ್ಮ ಲೆಡ್ಜರ್ ನಂಬಿಯೇ ದುಡ್ಡು ಕೊಡುತ್ತಾರೆ" ಅಂದೆ. ಎರಡು ದಿನ ಬಿಟ್ಟು ಅವರೇ ಫೋನ್ ನಂಬರುಗಳ ಪಟ್ಟಿ ತಂದು ಕೊಟ್ಟರು. ಇಪ್ಪತ್ತಮೂರು ಪೆಟ್ಟಿಗೆಗೆ ಒಂಬತ್ತು ಜನ. ಒಬ್ಬರು ರೇಗಿ ತಮ್ಮ ಪೆಟ್ಟಿಗೆಗಳನ್ನೆಲ್ಲ ಒಯ್ದರು. ಲುಸಿಟಾನಿಯಾಸ್‌ನವರು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ "ಹರಾಜಿನವರಿಗೂ ಇದನ್ನೇ ಬರೆದು ಕೊಡಿ" ಅಂದರು. ಬರೆದು ಕೊಟ್ಟೆ. ಅವರಿಗೆ ಅಂದುಕೊಂಡದ್ದಕ್ಕಿಂತ ಕಡಿಮೆ ಬಂತು. ಕಡಿಮೆಯಾದ ದುಡ್ಡನ್ನು ಅಂಗಡಿಯೇ ಭರಿಸಿತು.

ಈಗ ಪ್ರತಿ ಹಲಗೆಗೂ ಒಂದು ಮೀಟರ್, ಜೊತೆಗೆ ಒಂದು ಖಾಲಿ ಪೆಟ್ಟಿಗೆಯೊಳಗೂ ಒಂದು. ತೇವಾಂಶದ ಲೆಕ್ಕ ಸರಿ ಇದೆಯಾ ಅಂತ ಮೂರು ತಿಂಗಳಿಗೊಮ್ಮೆ ಉಪ್ಪಿನ ಪರೀಕ್ಷೆ ಮಾಡುತ್ತೇನೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಅದು ಒದ್ದೆಯಾಗುವಷ್ಟು, ಪೂರ್ತಿ ಕರಗದಷ್ಟು ಮಾತ್ರ ನೀರು ಬಿಟ್ಟು, ಮೀಟರ್ ಜೊತೆ ಜಿಪ್ ಚೀಲದಲ್ಲಿ ಒಂದು ದಿನ ಇಟ್ಟರೆ 75% ತೋರಿಸಬೇಕು. ಮನೆಯಲ್ಲಿ ನಾಲ್ಕು ಪೆಟ್ಟಿಗೆ ಇಟ್ಟುಕೊಂಡವರೂ ಇದನ್ನು ಮಾಡಬಹುದು, ಖರ್ಚೇ ಇಲ್ಲ. ಕೆಲವು ಮೀಟರ್ 70 ತೋರಿಸುತ್ತವೆ, ಕೆಲವು 79. ಎಷ್ಟು ವ್ಯತ್ಯಾಸ ಅಂತ ಚೀಟಿ ಬರೆದು ಮೀಟರಿನ ಬೆನ್ನಿಗೇ ಅಂಟಿಸುತ್ತೇನೆ.

ಹಳೆಯ ಲೆಡ್ಜರ್ ಬಿಸಾಡಲಿಲ್ಲ. ಆ ನಾಲ್ಕು ವರ್ಷದ ಪುಟಗಳ ಮೊದಲಲ್ಲಿ, "ಇದು ಎಸಿ ಕೆಳಗಿನ ಅಳತೆ, ಮೇಲಿನ ಹಲಗೆಗೆ ಅನ್ವಯಿಸುವುದಿಲ್ಲ" ಅಂತ ಕೆಂಪು ಶಾಯಿಯಲ್ಲಿ ಬರೆದು ಸಹಿ ಹಾಕಿದ್ದೇನೆ. ಪಡುವಣ ಗೋಡೆಯ ಮೇಲಿನ ಹಲಗೆಯಲ್ಲಿ ಈಗ ಪೆಟ್ಟಿಗೆ ಇಡುವುದಿಲ್ಲ. ಮೀಟರ್ ಮಾತ್ರ ಇದೆ. ನಿನ್ನೆ ಸಂಜೆ ಐದಕ್ಕೆ ಅದು 26 ತೋರಿಸುತ್ತಿತ್ತು.